ಬ್ರೆಡ್ಡಿನ ಬೂಷ್ಟು ಮತ್ತು ಮೂರು ಪ್ರಶ್ನೆಗಳು



ನನ್ನ ಬಳಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿತವರಿಗೆ ಆ ಬ್ರೆಡ್ಡಿನ ತುಂಡು ನೆನಪಿರಲೇಬೇಕು. ಬೇಕರಿಯಿಂದ ತಂದ ಬ್ರೆಡ್ಡಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ತಟ್ಟೆಯೊಂದರಲ್ಲಿಟ್ಟು, ಮೇಲೊಂದು ಗಾಜಿನ ಬಟ್ಟಲು ಮುಚ್ಚಿ ಪ್ರಯೋಗಾಲಯದ ಮೂಲೆಯಲ್ಲಿ ಇಡುತ್ತಿದ್ದೆವು. ಮೂರು ನಾಲ್ಕು ದಿನಗಳಲ್ಲಿ ಅದರ ಮೇಲೆ ಬಿಳಿಯ ಹತ್ತಿಯಂತಹ ಬೂಷ್ಟು ಹರಡಿ, ಆ ಹತ್ತಿಯ ನಡುವೆ ಗುಂಡುಸೂಜಿಯ ತಲೆಗಳಂತೆ ಕಪ್ಪು ಚುಕ್ಕಿಗಳು ಮೂಡುತ್ತಿದ್ದವು. ಶಾಲೆಗೆ ಇದ್ದದ್ದು ಒಂದೇ ಸೂಕ್ಷ್ಮದರ್ಶಕ. ನೀವೆಲ್ಲ ಸಾಲುಗಟ್ಟಿ ನಿಂತು ಒಂದು ಕಣ್ಣು ಮುಚ್ಚಿ ಇಣುಕಿ, "ಸರ್, ಬಲೂನು ಕಟ್ಟಿದ ಹಾಗಿದೆ" ಎನ್ನುತ್ತಿದ್ದಿರಿ. ನಾನು ಕಪ್ಪುಹಲಗೆಯ ಮೇಲೆ 'ರೈಜೋಪಸ್' ಎಂದು ಬರೆದು ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸುತ್ತಿದ್ದೆ. 1985ರಿಂದ 2018ರಲ್ಲಿ ನಿವೃತ್ತನಾಗುವವರೆಗೆ, ಮೂವತ್ತಮೂರು ವರ್ಷ, ಈ ಪಾಠ ಒಂದು ವರ್ಷವೂ ತಪ್ಪಲಿಲ್ಲ.

ಆದರೆ ಅದೇ ಬೂಷ್ಟಿನ ಕುಲಕ್ಕೆ ಸೇರಿದ ಜೀವಿಯೊಂದು ನಮ್ಮ ಮನೆಯವರ ಮುಖದೊಳಗೇ ಬೇರೂರಿದಾಗ ನಾನು ಗುರುತಿಸಲಾರದೆ ಹೋದೆ. ಆ ತಪ್ಪಿನ ಕಥೆಯನ್ನೂ, ಈ ರೋಗವನ್ನು ಗುರುತಿಸಲು ಮನುಷ್ಯರು ಪಟ್ಟ ಪಾಡಿನ ಚರಿತ್ರೆಯನ್ನೂ ಜೊತೆಯಾಗಿ ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಭಾವನವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

2021ರ ಮೇ ತಿಂಗಳು. ಕೋವಿಡ್‌ನ ಎರಡನೆಯ ಅಲೆ. ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ಕಾಲ. ನಮ್ಮ ಭಾವನವರಿಗೆ ಕೋವಿಡ್ ಬಂದು, ಮನೆಯಲ್ಲೇ ಔಷಧ ತೆಗೆದುಕೊಂಡು ಗುಣವಾಗಿತ್ತು. ಅವರಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಗುಣವಾದ ಎರಡು ವಾರಕ್ಕೆ ಅಕ್ಕ ಫೋನ್ ಮಾಡಿದಳು. "ತಮ್ಮಾ, ಇವರಿಗೆ ಎಡಗಡೆ ಮೇಲಿನ ಹಲ್ಲು ನೋಯ್ತಾ ಇದೆ, ಕೆನ್ನೆಯೂ ಜೋಮು ಹಿಡಿದ ಹಾಗೆ ಅಂತಾರೆ. ಹಲ್ಲಿನ ಡಾಕ್ಟರ ಅಂಗಡಿ ಮುಚ್ಚಿದೆ. ಏನು ಮಾಡಲಿ?" ನಾನು ಲವಂಗ ಅಗಿಯಲು ಹೇಳಿ, ಬಿಸಿ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿ, ಲಾಕ್‌ಡೌನ್ ಸಡಿಲವಾದ ಮೇಲೆ ನೋಡೋಣ ಎಂದೆ. ನಾಲ್ಕು ದಿನ ಹಾಗೆಯೇ ಹೋಯಿತು.

ಆ ನಾಲ್ಕು ದಿನಗಳ ಮುಂದಿನ ಕಥೆಯನ್ನು ಕೊನೆಗೆ ಹೇಳುತ್ತೇನೆ. ಮೊದಲು ಚರಿತ್ರೆ.

ಬೂಷ್ಟು ಮನುಷ್ಯನಿಗೆ ಹೊಸದಲ್ಲ. ಆದರೆ ಅದನ್ನು ದೊಡ್ಡದು ಮಾಡಿ ನೋಡಿ ಚಿತ್ರ ಬರೆದವರಲ್ಲಿ ಮೊದಲಿಗ ಇಂಗ್ಲೆಂಡಿನ ರಾಬರ್ಟ್ ಹುಕ್. ಜೀವಕೋಶಕ್ಕೆ ಹೆಸರಿಟ್ಟವನೆಂದು ನಿಮಗೆ ಪರಿಚಯವಿರುವ ಅದೇ ಹುಕ್. 1665ರಲ್ಲಿ ಪ್ರಕಟವಾದ ಅವನ 'ಮೈಕ್ರೋಗ್ರಾಫಿಯಾ' ಗ್ರಂಥದಲ್ಲಿ ಪುಸ್ತಕವೊಂದರ ಚರ್ಮದ ಹೊದಿಕೆಯ ಮೇಲೆ ಬೆಳೆದ ಬೂಷ್ಟಿನ ಚಿತ್ರವಿದೆ. ನಿಮ್ಮ ಪ್ರಾಯೋಗಿಕ ಪುಸ್ತಕದ ಚಿತ್ರದ ಹಾಗೆಯೇ ತೆಳು ಕಾಂಡಗಳು, ತುದಿಯಲ್ಲಿ ಗುಂಡು ತಲೆಗಳು. ಆಮೇಲೆ 1729ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಸಸ್ಯಶಾಸ್ತ್ರಜ್ಞ ಮಿಕೇಲಿ ಈ ಬೂಷ್ಟುಗಳನ್ನು ವಿಂಗಡಿಸಿ 'ಮ್ಯೂಕರ್', 'ಆಸ್ಪರ್ಜಿಲಸ್' ಎಂಬ ಹೆಸರುಗಳನ್ನು ಕೊಟ್ಟ. ಚರ್ಚುಗಳಲ್ಲಿ ತೀರ್ಥ ಚಿಮುಕಿಸುವ ಉಪಕರಣದಂತೆ ಕಂಡದ್ದರಿಂದ ಎರಡನೆಯದಕ್ಕೆ ಆ ಹೆಸರು. ಕಲ್ಲಂಗಡಿ ಜಾತಿಯ ಹಣ್ಣಿನ ಹೋಳುಗಳ ಮೇಲೆ ಬೂಷ್ಟಿನ ಪುಡಿ ಉದುರಿಸಿ, ಅದೇ ಬೂಷ್ಟು ಮತ್ತೆ ಬೆಳೆಯುವುದನ್ನು ಆತ ತೋರಿಸಿದ. ಆ ಪುಡಿಯೇ ನಾವು ಬೀಜಕಗಳು ಎನ್ನುವುದು. ಕೊಳೆತದ್ದರಿಂದ ಬೂಷ್ಟು ತಾನಾಗಿ ಹುಟ್ಟುತ್ತದೆ ಎಂಬ ನಂಬಿಕೆಯ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಅಷ್ಟಾದರೂ ಆ ಬೂಷ್ಟು ಮನುಷ್ಯದೇಹದ ಒಳಗೂ ಬೆಳೆದು ಕೊಲ್ಲಬಲ್ಲದೆಂದು ಯಾರೂ ಎಣಿಸಿರಲಿಲ್ಲ. ಕೊಳೆತ ಹಣ್ಣು, ಹಳೆಯ ಚಪ್ಪಲಿ, ಮಳೆಗಾಲದ ಗೋಡೆ, ಇವು ಅದರ ಮನೆ. ಜೀವಂತ ದೇಹ ಅದಕ್ಕೆ ದಕ್ಕದ ನೆಲ ಎಂದೇ ಎಲ್ಲರ ಭಾವನೆ. 1885ರಲ್ಲಿ ಪಾಲ್ಟಾಫ್ ಎಂಬ ರೋಗಶಾಸ್ತ್ರಜ್ಞರು ಶವಪರೀಕ್ಷೆಯೊಂದರಲ್ಲಿ ಕಂಡದ್ದನ್ನು 'ಮೈಕೋಸಿಸ್ ಮ್ಯೂಕೊರಿನಾ' ಎಂಬ ಹೆಸರಿನಲ್ಲಿ ವರದಿ ಮಾಡಿದರು. ದೇಹದ ಅಂಗಾಂಶಗಳ ಒಳಗೆ ಅಗಲವಾದ ಎಳೆಗಳು ಹರಡಿದ್ದವು. ಗಮನಿಸಿ, ಈ ರೋಗದ ಮೊದಲ ಪತ್ತೆಯೇ ಮರಣಾನಂತರದ್ದು. ಮುಂದೆ ಎಷ್ಟೋ ವರ್ಷಗಳವರೆಗೆ ಅದೇ ರೂಢಿಯಾಯಿತು. ವೈದ್ಯರಿಗೆ ಕಾರಣ ತಿಳಿಯುವ ಹೊತ್ತಿಗೆ ರೋಗಿ ಇರುತ್ತಿರಲಿಲ್ಲ.

1943ರಲ್ಲಿ ಅಮೆರಿಕದ ಗ್ರೆಗರಿ, ಗೋಲ್ಡನ್, ಹೇಮೇಕರ್ ಎಂಬ ಮೂವರು ವೈದ್ಯರು ಮೂರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಮೂಗಿನ ಸುತ್ತಲ ಸೈನಸ್ ಕುಳಿಗಳಲ್ಲಿ ಆರಂಭವಾದ ಸೋಂಕು ಕಣ್ಣಿನ ಗೂಡಿಗೆ, ಅಲ್ಲಿಂದ ಮಿದುಳಿಗೆ ಏರಿತ್ತು. ಮೂವರಲ್ಲೂ ಸಕ್ಕರೆ ಕಾಯಿಲೆ ಹತೋಟಿ ಮೀರಿ, ರಕ್ತದಲ್ಲಿ ಕೀಟೋನ್ ಎಂಬ ಆಮ್ಲೀಯ ವಸ್ತುಗಳು ಶೇಖರವಾಗಿದ್ದವು. ಈ ಬೂಷ್ಟು ಕಂಡಕಂಡವರ ಮೇಲೆ ಬೀಳುವುದಿಲ್ಲ, ಕಾವಲು ಸೋತ ಮನೆಯನ್ನು ಹುಡುಕಿಕೊಂಡು ಹೋಗುತ್ತದೆ ಎಂಬುದು ಈ ವೃತ್ತಾಂತದಿಂದ ಸ್ಪಷ್ಟವಾಗತೊಡಗಿತು.

ಸಕ್ಕರೆ ಕಾಯಿಲೆಗೂ ಇದಕ್ಕೂ ಏನು ನಂಟು? ನಮ್ಮ ಮೂಗಿನೊಳಗೆ ದಿನವೂ ಈ ಬೀಜಕಗಳು ಉಸಿರಿನೊಡನೆ ಬಂದು ಬೀಳುತ್ತಲೇ ಇರುತ್ತವೆ. ಆರೋಗ್ಯವಂತರಲ್ಲಿ ಬಿಳಿ ರಕ್ತಕಣಗಳು ಅವನ್ನು ಮೊಳೆಯಲು ಬಿಡುವುದಿಲ್ಲ. ರಕ್ತದಲ್ಲಿ ಸಕ್ಕರೆ ಏರಿದಾಗ ಈ ಕಾವಲುಗಾರರು ಮಂದವಾಗುತ್ತಾರೆ. ಇನ್ನೊಂದು ಕಾರಣ ಕಬ್ಬಿಣ. ಬೂಷ್ಟಿಗೆ ಬೆಳೆಯಲು ಕಬ್ಬಿಣ ಬೇಕು, ನಮ್ಮ ದೇಹವಾದರೋ ಅದನ್ನು ಪ್ರೋಟೀನುಗಳಿಗೆ ಕಟ್ಟಿಹಾಕಿ ಭದ್ರವಾಗಿಟ್ಟಿರುತ್ತದೆ. ರಕ್ತ ಆಮ್ಲೀಯವಾದಾಗ ಆ ಕಟ್ಟು ಸಡಿಲಿ ಕಬ್ಬಿಣ ಬಿಡುಗಡೆಯಾಗುತ್ತದೆ. ಕಾವಲುಗಾರ ತೂಕಡಿಸುವಾಗಲೇ ಉಗ್ರಾಣದ ಬೀಗವೂ ಬಿದ್ದುಹೋದಂತೆ! ರಕ್ತದ ಕ್ಯಾನ್ಸರ್ ಇರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ಬಹುಕಾಲ ಸ್ಟಿರಾಯ್ಡ್ ಸೇವಿಸುವವರು, ಇವರೂ ಬೇರೆ ಬೇರೆ ದಾರಿಯಿಂದ ಇದೇ ಸ್ಥಿತಿಗೆ ಬರುತ್ತಾರೆ. ವೈದ್ಯವಿಜ್ಞಾನ ಇಂಥವರ ಆಯುಸ್ಸನ್ನು ಹೆಚ್ಚಿಸಿದಂತೆಲ್ಲ ಬೂಷ್ಟಿಗೆ ಸಿಗುವ ಬಾಗಿಲುಗಳೂ ಹೆಚ್ಚಿದವು ಎಂಬುದು ಈ ಚರಿತ್ರೆಯ ವಿಪರ್ಯಾಸ.

ಈ ರೋಗದಿಂದ ಬದುಕುಳಿದ ಮೊದಲ ರೋಗಿಯ ವರದಿಯನ್ನು ಹ್ಯಾರಿಸ್ ಎಂಬ ವೈದ್ಯರು ಪ್ರಕಟಿಸಿದ್ದು 1955ರಲ್ಲಿ. ಪಾಲ್ಟಾಫರ ವರದಿಯಿಂದ ಇಲ್ಲಿಗೆ ಎಣಿಸಿ, ಎಪ್ಪತ್ತು ವರ್ಷ! ಅದೇ ದಶಕದಲ್ಲಿ ಎರಡು ಆಯುಧಗಳು ವೈದ್ಯರ ಕೈಗೆ ಬಂದವು. ಒಂದು ಔಷಧ. ದಕ್ಷಿಣ ಅಮೆರಿಕದ ವೆನೆಜುವೆಲಾದಲ್ಲಿ ಒರಿನೋಕೊ ನದಿಯ ಪ್ರದೇಶದಿಂದ ತಂದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯೊಂದರಿಂದ ಆಂಫೊಟೆರಿಸಿನ್ ಬಿ ದೊರೆಯಿತು. ಮೂತ್ರಪಿಂಡಕ್ಕೆ ಪೆಟ್ಟು ಕೊಡುವ, ಮೈ ನಡುಗಿಸುವ ಔಷಧ, ಆದರೂ ಸಂಜೀವಿನಿಯೇ. ಇನ್ನೊಂದು ನೋಡುವ ಉಪಾಯ. ಗೋಮೊರಿ ಎಂಬ ವಿಜ್ಞಾನಿ 1946ರಲ್ಲಿ ರೂಪಿಸಿದ್ದ ಬೆಳ್ಳಿಯ ಬಣ್ಣಹಾಕುವ ವಿಧಾನವನ್ನು 1955ರಲ್ಲಿ ಗ್ರೊಕಾಟ್ ಶಿಲೀಂಧ್ರಗಳಿಗೆ ಹೊಂದಿಸಿದರು. ತೆಳುವಾಗಿ ಕತ್ತರಿಸಿದ ಅಂಗಾಂಶದಲ್ಲಿ ಶಿಲೀಂಧ್ರದ ಗೋಡೆಗೆ ಬೆಳ್ಳಿ ಅಂಟಿಕೊಂಡು, ಹಸಿರು ಹಿನ್ನೆಲೆಯ ಮೇಲೆ ಎಳೆಗಳು ಕಪ್ಪಾಗಿ ಎದ್ದು ಕಾಣುತ್ತವೆ. ಇಂದಿಗೂ ಆ ವಿಧಾನ ಬಳಕೆಯಲ್ಲಿದೆ.

ಔಷಧವೂ ಬಂತು, ಬಣ್ಣವೂ ಬಂತು ಎಂದಮೇಲೆ ಕಷ್ಟವೇನು ಎಂದು ನೀವು ಕೇಳಬಹುದು. ಕಷ್ಟ ಇರುವುದು ರೋಗವನ್ನು ಕಾಲಕ್ಕೆ ಸರಿಯಾಗಿ ಹಿಡಿಯುವುದರಲ್ಲಿ. ಈ ಎಳೆಗಳು ರಕ್ತನಾಳಗಳ ಗೋಡೆಯನ್ನು ಕೊರೆದು ಒಳನುಗ್ಗಿ ಹರಿವನ್ನೇ ಮುಚ್ಚಿಬಿಡುತ್ತವೆ. ರಕ್ತ ಸಿಗದ ಭಾಗ ಸತ್ತು ಕಪ್ಪಾಗುತ್ತದೆ. 2021ರಲ್ಲಿ ಪತ್ರಿಕೆಗಳೆಲ್ಲ 'ಕಪ್ಪು ಶಿಲೀಂಧ್ರ' ಎಂದು ಕರೆದವು. ಕಪ್ಪಾಗುವುದು ಶಿಲೀಂಧ್ರವಲ್ಲ, ಸತ್ತ ನಮ್ಮದೇ ಮಾಂಸ. ಕಪ್ಪು ಬಣ್ಣ ಕಾಣಲಿ ಎಂದು ಕಾಯುವವನು ತಡಮಾಡಿದವನೇ ಸರಿ. ಮೇಲಾಗಿ ರಕ್ತ ಹರಿಯದ ಕಡೆಗೆ ಔಷಧವೂ ಹರಿಯುವುದಿಲ್ಲ, ಆದ್ದರಿಂದ ಸತ್ತ ಭಾಗವನ್ನು ಕತ್ತರಿಸಿ ತೆಗೆಯಲೇಬೇಕು. ಒಂದೊಂದು ದಿನದ ವಿಳಂಬಕ್ಕೂ ದೇಹದ ಒಂದೊಂದು ಭಾಗ ಬೆಲೆಯಾಗುತ್ತದೆ.

ಇನ್ನು ಪರೀಕ್ಷೆಗಳ ವಿಚಾರ. ಆಸ್ಪರ್ಜಿಲಸ್ ಸೋಂಕಿಗೆ ರಕ್ತದಲ್ಲಿ ಗ್ಯಾಲಕ್ಟೊಮ್ಯಾನನ್ ಎಂಬ ವಸ್ತುವನ್ನು ಹುಡುಕುವ ಪರೀಕ್ಷೆಗೆ ಅಮೆರಿಕದಲ್ಲಿ 2003ರಲ್ಲಿ ಅನುಮತಿ ದೊರೆಯಿತು. ಬೀಟಾ ಗ್ಲೂಕಾನ್ ಎಂಬ ಇನ್ನೊಂದು ಪರೀಕ್ಷೆಯೂ ಇದೆ, ಅದು ಅನೇಕ ಶಿಲೀಂಧ್ರಗಳನ್ನು ಸೂಚಿಸುತ್ತದೆ. ಆದರೆ ನಮ್ಮ ಬ್ರೆಡ್ಡಿನ ಬೂಷ್ಟಿನ ಕುಲವನ್ನು ಈ ಎರಡು ಪರೀಕ್ಷೆಗಳೂ ಹಿಡಿಯಲಾರವು. ರಕ್ತವನ್ನು ಕೃಷಿಕೆಗೆ ಹಾಕಿದರೆ ಏನೂ ಬೆಳೆಯುವುದಿಲ್ಲವೆನ್ನಬಹುದು. ಅಂಗಾಂಶದ ತುಣುಕನ್ನು ಅರೆದು ಹಾಕಿದರೂ ಎಷ್ಟೋ ಸಲ ಬೆಳೆಯದು, ಏಕೆಂದರೆ ಈ ಎಳೆಗಳಲ್ಲಿ ಅಡ್ಡಗೋಡೆಗಳು ತೀರ ವಿರಳ, ಒಂದು ಕಡೆ ಜಜ್ಜಿದರೆ ಉದ್ದಕ್ಕೂ ಸೋರಿ ಸಾಯುತ್ತವೆ. ಮೂಗಿನ ಸಿಂಬಳದಲ್ಲಿ ಬೆಳೆದರೂ ನಂಬುವಂತಿಲ್ಲ, ಗಾಳಿಯಿಂದ ಬಂದು ಬಿದ್ದ ಬೀಜಕವಿರಬಹುದು. ಎಲ್ಲೆಲ್ಲೂ ಇರುವುದನ್ನು ಕಂಡೆನೆಂದ ಮಾತ್ರಕ್ಕೆ ಅದೇ ಕಳ್ಳ ಎನ್ನಲಾಗದು, ಮನೆಯೊಳಗೆ ಹಿಡಿದು ತೋರಿಸಬೇಕು.

ಹಾಗಾಗಿ ದಾರಿ ಒಂದೇ. ಅನುಮಾನ ಬಂದ ಜಾಗದಿಂದ ಅಂಗಾಂಶದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅದರ ಮೊದಲ ಹೆಜ್ಜೆ ಎಷ್ಟು ಸರಳವೆಂದರೆ ನಮ್ಮ ಶಾಲೆಯ ಪ್ರಯೋಗಾಲಯದಲ್ಲೂ ಮಾಡಬಹುದಾಗಿತ್ತು. ಗಾಜಿನ ಪಟ್ಟಿಯ ಮೇಲೆ ಚೂರನ್ನಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಒಂದು ಹನಿ ಹಾಕಿದರೆ, ಮನುಷ್ಯನ ಜೀವಕೋಶಗಳು ಕರಗಿ ತಿಳಿಯಾಗುತ್ತವೆ, ಕೈಟಿನ್‌ನಿಂದಾದ ಶಿಲೀಂಧ್ರದ ಗೋಡೆ ಮಾತ್ರ ಕರಗದೆ ಉಳಿಯುತ್ತದೆ. ಆಗ ಕಾಣುವುದು ನೀವು ಕಂಡ ಬಲೂನುಗಳಲ್ಲ. ದೇಹದ ಒಳಗೆ ಬೀಜಕಗಳ ಚೀಲ ಕಟ್ಟುವುದಿಲ್ಲ. ಬರೀ ಅಗಲವಾದ, ಸುಕ್ಕುಗಟ್ಟಿದ ರಿಬ್ಬನ್ನಿನಂತಹ ಎಳೆಗಳು, ಹೆಚ್ಚುಕಡಿಮೆ ಲಂಬಕೋನದಲ್ಲಿ ಕವಲೊಡೆದವು. ಆಸ್ಪರ್ಜಿಲಸ್ ಆದರೆ ಎಳೆಗಳು ಸಪೂರ, ಅಡ್ಡಗೋಡೆಗಳಿರುತ್ತವೆ, ಕವಲು ಸುಮಾರು 45 ಡಿಗ್ರಿ. ಕೋನಮಾಪಕ ಹಿಡಿದು ಮಾಡುವ ಲೆಕ್ಕದಂತೆ ತೋರುವ ಈ ವ್ಯತ್ಯಾಸದ ಮೇಲೆ ಜೀವ ನಿಂತಿದೆ. ಆಸ್ಪರ್ಜಿಲಸ್‌ಗೆ ಒಳ್ಳೆಯ ಔಷಧವಾದ ವೊರಿಕೊನಜೋಲ್ ಈ ಕುಲದ ಮೇಲೆ ಕೆಲಸ ಮಾಡುವುದಿಲ್ಲ.

ಒಂದು ಮಾತನ್ನು ಇಲ್ಲೇ ತಿದ್ದಬೇಕು. ನಾನು ನಿಮಗೆ ತೋರಿಸುತ್ತಿದ್ದ ಬ್ರೆಡ್ಡಿನ ಬೂಷ್ಟು ಸಾಮಾನ್ಯವಾಗಿ ರೈಜೋಪಸ್ ಸ್ಟೋಲೊನಿಫರ್. ಅದು ನಮ್ಮ ದೇಹದ ಉಷ್ಣತೆಯಲ್ಲಿ ಬೆಳೆಯಲಾರದು. ಮನುಷ್ಯನನ್ನು ಹೆಚ್ಚಾಗಿ ಕಾಡುವುದು ಅದರ ದಾಯಾದಿ ರೈಜೋಪಸ್ ಅರೈಜಸ್. ಆದ್ದರಿಂದ ನನ್ನ ಪಾಠದಿಂದ ಯಾರಿಗೂ ಕೇಡಾಗಲಿಲ್ಲ ಎಂಬ ಸಮಾಧಾನವಿದೆ. ಆದರೆ ಒಂದೇ ಮನೆತನದ ಇಬ್ಬರಲ್ಲಿ ಒಬ್ಬನನ್ನು ಮೂವತ್ತಮೂರು ವರ್ಷ ಪರಿಚಯಿಸಿ ಇನ್ನೊಬ್ಬನ ಹೆಸರನ್ನೂ ಎತ್ತಲಿಲ್ಲ ಎಂಬ ಕೊರತೆ ಉಳಿದೇ ಇದೆ.

ನಮ್ಮ ದೇಶಕ್ಕೆ ಈ ರೋಗ 2021ರಲ್ಲಿ ಹೊಸದಾಗಿ ಬಂದದ್ದಲ್ಲ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಅರುಣಾಲೋಕ ಚಕ್ರವರ್ತಿ ಮತ್ತು ಸಂಗಡಿಗರು 2001ರಲ್ಲಿ ತಮ್ಮ ಹತ್ತು ವರ್ಷಗಳ ಅನುಭವವನ್ನು ಪ್ರಕಟಿಸಿದ್ದರು. ಒಂದೇ ಆಸ್ಪತ್ರೆಯಲ್ಲಿ 129 ರೋಗಿಗಳು. 2006ರಲ್ಲಿ ಪ್ರಕಟವಾದ ಮುಂದಿನ ವರದಿಯಲ್ಲಿ ಐದೇ ವರ್ಷಗಳಿಗೆ 178 ರೋಗಿಗಳು. ಹೆಚ್ಚಿನವರು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರು. ಎಷ್ಟೋ ಮಂದಿಗೆ ತಮಗೆ ಸಕ್ಕರೆ ಕಾಯಿಲೆ ಇರುವುದೇ ಈ ಸೋಂಕು ಬಂದ ಮೇಲೆ ತಿಳಿಯುತ್ತಿತ್ತು. ಎಚ್ಚರಿಕೆಯ ಗಂಟೆ ಇಪ್ಪತ್ತು ವರ್ಷ ಮೊದಲೇ ಬಾರಿಸಿತ್ತು. ನನ್ನಂಥ ವಿಜ್ಞಾನ ಶಿಕ್ಷಕನ ಕಿವಿಗೂ ಅದು ಬಿದ್ದಿರಲಿಲ್ಲ.

ಮತ್ತೆ ಕೋವಿಡ್ ಬಂತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳ ಸಾವನ್ನು ಕಡಿಮೆ ಮಾಡುತ್ತದೆಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ತೋರಿಸಿತು. ಅದು ನಿಜವಾಗಿಯೂ ಸಾವಿರಾರು ಜೀವ ಉಳಿಸಿದ ಶೋಧ. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಲಾಭವಿಲ್ಲವೆಂದೂ ಅದೇ ಪ್ರಯೋಗ ಹೇಳಿತ್ತು. ನಮ್ಮಲ್ಲಿ ಭಯದ ಆ ದಿನಗಳಲ್ಲಿ ಸ್ಟಿರಾಯ್ಡ್ ಗುಳಿಗೆಗಳು ಬೇಕಾದವರಿಗೂ ಬೇಡದವರಿಗೂ ಹಂಚಿಕೆಯಾದವು. ಸ್ಟಿರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. 2021ರ ಮೇ 20ರಂದು ಕೇಂದ್ರ ಸರ್ಕಾರವು ಈ ರೋಗದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡುವಂತೆ ಕ್ರಮ ಕೈಗೊಳ್ಳಲು ರಾಜ್ಯಗಳನ್ನು ಕೇಳಿಕೊಂಡಿತು. ಜುಲೈ ವೇಳೆಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣಗಳು, 4 ಸಾವಿರಕ್ಕೂ ಹೆಚ್ಚು ಸಾವುಗಳು ಲೆಕ್ಕಕ್ಕೆ ಸಿಕ್ಕಿದ್ದವು. 2022ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊತ್ತಮೊದಲ ಬಾರಿಗೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯನ್ನು ಪ್ರಕಟಿಸಿತು. ಅದರ 19 ಹೆಸರುಗಳಲ್ಲಿ ಈ ಕುಲವೂ ಒಂದು.

ಈಗ ಆ ನಾಲ್ಕು ದಿನಗಳ ಮುಂದಿನ ಕಥೆ. ಲವಂಗದಿಂದ ನೋವು ಇಳಿಯಲಿಲ್ಲ. ನೋವಿನ ಗುಳಿಗೆಯ ಹೆಸರು ಕೇಳೋಣವೆಂದು, ಈಗ ಕಿವಿ ಮೂಗು ಗಂಟಲಿನ ತಜ್ಞನಾಗಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿದೆ. ಅವನ ಹೆಸರು ಬರೆದರೆ ಅವನಿಗೆ ಇಷ್ಟವಾಗದು. ನಾನು ಹೇಳಿ ಮುಗಿಸುವ ಮೊದಲೇ ಅವನು ಕೇಳಿದ. "ಸರ್, ಅವರಿಗೆ ಶುಗರ್ ಇದೆಯಾ? ಕೋವಿಡ್‌ಗೆ ಸ್ಟಿರಾಯ್ಡ್ ಕೊಟ್ಟಿದ್ದರಾ? ನೋವು, ಜೋಮು ಒಂದೇ ಪಕ್ಕದಲ್ಲಿ ಇದೆಯಾ?" ಮೂರಕ್ಕೂ ಹೌದು ಎಂದೆ. ಫೋನಿನಲ್ಲಿ ಒಂದು ಕ್ಷಣ ಮೌನ. "ಬೆಳಗಾಗುವವರೆಗೆ ಕಾಯಬೇಡಿ ಸರ್. ಈಗಲೇ ಹೊರಡಿಸಿ. ನಾನು ಅಲ್ಲಿಗೆ ಫೋನ್ ಮಾಡುತ್ತೇನೆ" ಎಂದ.

ಆ ರಾತ್ರಿ ಅಕ್ಕನ ಮಗ ಪೊಲೀಸರ ತಡೆಗಳನ್ನು ದಾಟಿಕೊಂಡು ಭಾವನವರನ್ನು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದ. ಅಷ್ಟರಲ್ಲಿ ಎಡಗಣ್ಣಿನ ರೆಪ್ಪೆ ಬಾತು ಮುಚ್ಚಿಕೊಂಡಿತ್ತು. ರಕ್ತದ ಸಕ್ಕರೆ 400 ದಾಟಿತ್ತು. ಮನೆಯಲ್ಲಿ ಸ್ಟಿರಾಯ್ಡ್ ಗುಳಿಗೆ ಕೊಟ್ಟವರು ಸಕ್ಕರೆ ನೋಡಿಕೊಳ್ಳಿ ಎಂದು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಮೂಗಿನೊಳಗೆ ದುರ್ಬೀನು ತೂರಿಸಿ ಚೂರು ತೆಗೆದರು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಪರೀಕ್ಷೆಯ ಉತ್ತರ ಬೆಳಗಿನ ಜಾವಕ್ಕೇ ಬಂತು. ಅಗಲವಾದ, ರಿಬ್ಬನ್ನಿನಂತಹ ಎಳೆಗಳು. ಔಷಧಕ್ಕಾಗಿ ಅಕ್ಕನ ಮಗ ಎರಡು ದಿನ ಅಲೆದ, ಆಗ ಎಲ್ಲೆಲ್ಲೂ ಅದರ ಅಭಾವ. ಎರಡು ಶಸ್ತ್ರಚಿಕಿತ್ಸೆಗಳಾದವು. ಎಡ ಮೇಲ್ದವಡೆಯ ಒಂದು ಭಾಗವನ್ನೂ ಎಡಗಣ್ಣನ್ನೂ ತೆಗೆದರು. ಜೀವ ಉಳಿಯಿತು.

ಆಮೇಲೊಮ್ಮೆ ನಾನು ಆ ವಿದ್ಯಾರ್ಥಿಯನ್ನು ಕೇಳಿದೆ. "ನಾನು ಆ ನಾಲ್ಕು ದಿನ ಕಳೆಯದಿದ್ದರೆ ಕಣ್ಣು ಉಳಿಯುತ್ತಿತ್ತೇನಪ್ಪಾ?" ಅವನು ಗುರುಗಳ ಮನಸ್ಸು ನೋಯಬಾರದೆಂದು ಸುಳ್ಳು ಹೇಳಬಹುದಿತ್ತು. "ಹೇಳಲಾಗದು ಸರ್" ಎಂದಷ್ಟೇ ಹೇಳಿದ. ಆ ಉತ್ತರಕ್ಕಾಗಿ ನಾನು ಅವನಿಗೆ ಋಣಿ. ಭಾವನವರು ಮಾತ್ರ ಈಗಲೂ ನಾನು ಮನೆಗೆ ಹೋದಾಗ, "ಬಂದರಪ್ಪಾ ಲವಂಗದ ಡಾಕ್ಟರು, ಒಂದೇ ಕಣ್ಣಲ್ಲಿ ಕಂಡರೂ ಗುರುತು ಸಿಗುತ್ತದೆ" ಎಂದು ನಗುತ್ತಾರೆ. ಅವರು ನಕ್ಕಾಗ ನಾನೂ ನಗಬೇಕಾಗುತ್ತದೆ.

ಈ ರೋಗದ ಚರಿತ್ರೆಯನ್ನು ಓದುತ್ತಾ ನನಗೆ ಮನವರಿಕೆಯಾದದ್ದು ಇಷ್ಟು. ಸೂಕ್ಷ್ಮದರ್ಶಕ 1665ರಿಂದಲೂ ಇತ್ತು, ಬೂಷ್ಟಿನ ಚಿತ್ರವೂ ಇತ್ತು, 1950ರ ದಶಕದಿಂದ ಔಷಧವೂ ಇತ್ತು. ಕೊರತೆ ಬಿದ್ದದ್ದು ಅನುಮಾನಕ್ಕೆ. ಇವರ ಕಾವಲು ಸೋತಿದೆ, ಇವರ ಹಲ್ಲುನೋವು ಬರೀ ಹಲ್ಲುನೋವಲ್ಲದೆ ಇರಬಹುದು ಎಂದು ಯಾರಾದರೊಬ್ಬರು ಸಕಾಲದಲ್ಲಿ ಅನುಮಾನಿಸದಿದ್ದರೆ ಚೂರು ಸೂಕ್ಷ್ಮದರ್ಶಕದ ಕೆಳಗೆ ಬರುವುದೇ ಇಲ್ಲ. ನನ್ನ ವಿದ್ಯಾರ್ಥಿ ಆ ರಾತ್ರಿ ಉಪಕರಣವಿಲ್ಲದೆ, ರೋಗಿಯ ಮುಖವನ್ನೂ ನೋಡದೆ, ಮೂರು ಪ್ರಶ್ನೆಗಳಿಂದ ಅರ್ಧ ರೋಗವನ್ನು ಪತ್ತೆಹಚ್ಚಿದ್ದ.

ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರು, ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದ್ದಾರು. ಹೆದರಬೇಡಿ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ, ಬ್ರೆಡ್ಡನ್ನು ಕಂಡು ಓಡಬೇಕಾದ್ದೂ ಇಲ್ಲ. ಅಂಥವರಿಗೆ ಮುಖದ ಒಂದೇ ಪಕ್ಕದಲ್ಲಿ ನೋವು, ಜೋಮು, ಮೂಗು ಕಟ್ಟುವುದು, ಕಣ್ಣು ಬಾಯುವುದು, ಒಂದು ವಸ್ತು ಎರಡಾಗಿ ಕಾಣುವುದು, ಇವುಗಳಲ್ಲಿ ಯಾವುದಾದರೂ ಬಂದರೆ ಲವಂಗ ಹುಡುಕುವ ಮೊದಲು ವೈದ್ಯರನ್ನು ಹುಡುಕಿ. ಸಕ್ಕರೆ ಎಷ್ಟಿದೆ ನೋಡಿಸಿ.

ನಿವೃತ್ತನಾದ ದಿನ ವಿದ್ಯಾರ್ಥಿಗಳು ಪ್ರೀತಿಯಿಂದ ಕೊಟ್ಟ ಪುಟ್ಟ ಸೂಕ್ಷ್ಮದರ್ಶಕವೊಂದು ನನ್ನ ಮೇಜಿನ ಮೇಲಿದೆ. ಹೋದ ಬೇಸಿಗೆಯ ರಜೆಯಲ್ಲಿ ಅಕ್ಕನ ಮೊಮ್ಮಗಳು ಬಂದಿದ್ದಳು. ಇಬ್ಬರೂ ಸೇರಿ ಬ್ರೆಡ್ಡಿನ ತುಂಡನ್ನು ಒದ್ದೆಮಾಡಿ ಮುಚ್ಚಿಟ್ಟೆವು. ನಾಲ್ಕನೆಯ ದಿನ ಅವಳು ಕಣ್ಣಿಟ್ಟು ನೋಡಿ, "ತಾತಾ, ಬಲೂನು!" ಎಂದಳು. ಈ ಸಲ ಪಾಠವನ್ನು ಅಲ್ಲಿಗೇ ನಿಲ್ಲಿಸಲಿಲ್ಲ. ಅವಳ ಅಜ್ಜನ ಕಣ್ಣಿನ ಕಥೆಯನ್ನೂ ಹೇಳಿದೆ.